ಗಾಳದ ಡಬ್ಬಿಯ ಮೇಲಿನ ಸ್ಯಾಂಪಲ್

ಮನುಷ್ಯ ತನಗೆ ಬೇಕಾದದ್ದನ್ನು ಕೂಡಿಡುವುದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ. ಕಾಳುಕಡಿಯನ್ನು ಇರುವೆಯೂ ಕೂಡಿಡುತ್ತದೆ. ತನಗೆ ಯಾವ ಕಾಲಕ್ಕೂ ಬೇಡವಾದದ್ದನ್ನು ಹುಡುಕಿ ತಂದು, ಒರೆಸಿ, ಡಬ್ಬಿಯಲ್ಲಿಟ್ಟು, ಆಗಾಗ ಮುಚ್ಚಳ ತೆಗೆದು ನೋಡಿ ಸಂತೋಷಪಡುತ್ತಾನಲ್ಲ, ಆಗ ಅವನನ್ನು ಮನುಷ್ಯ ಎನ್ನಬೇಕು. ಈ ಲೆಕ್ಕದಲ್ಲಿ ನಾನು ಸೊಲ್ಲಾಪುರದ ದೊಡ್ಡ ಮನುಷ್ಯರಲ್ಲಿ ಒಬ್ಬ. ನಮ್ಮ ಮನೆತನದಲ್ಲಿ ಯಾರೂ ಮೀನು ತಿಂದವರಲ್ಲ. ಹೋಟೆಲಿಗೆ ಹೋದರೆ ಸೌಟು ಬೇರೆ ಇದೆಯೇ ಎಂದು ವಿಚಾರಿಸಿ ಕೂಡುವ ಜನ ನಾವು. ಕೇಕಿನ ಅಂಗಡಿಯಲ್ಲಿ ತತ್ತಿಯ ವಿಷಯಕ್ಕೆ ಮಾಲೀಕನಿಂದ ಆಣೆ ಹಾಕಿಸಿಕೊಂಡೇ ಹೊರಬರುತ್ತೇವೆ. ಅಂಥ ಮನೆಯಲ್ಲಿ ನಾನು ಮೀನು ಹಿಡಿಯುವ ಸಾಮಾನು ಕೂಡಿಹಾಕಿದ್ದೇನೆ. ನದೀ ದಂಡೆಯ ಮೀನುಗಾರರ ಮನೆಯಲ್ಲೂ ಇಷ್ಟು ಬಗೆಯ ಗಾಳ ಇರಲಿಕ್ಕಿಲ್ಲ.

ಇದಕ್ಕೆ ನನ್ನ ಧಂದೆಯೇ ಕಾರಣ. ನಮ್ಮದು ಮ್ಯಾಚಿಂಗ್ ಸೆಂಟರ್. ಸೀರೆಯ ಫಾಲು, ಅಸ್ತರು, ದಾರ, ಗುಂಡಿ, ಲೇಸು, ರವಿಕೆಯ ಬೆನ್ನಿನ ದಾರಕ್ಕೆ ಜೋತುಬಿಡುವ ಲಟಕನ್, ಒಟ್ಟಿನಲ್ಲಿ ಹೆಣ್ಣುಮಕ್ಕಳು ಸೀರೆ ಹಿಡಿದುಕೊಂಡು ಬಂದು 'ಇದಕ್ಕ ಬರೋಬರ ಹೊಂದೂದು ಕೊಡ್ರಿ' ಎನ್ನುವ ಎಲ್ಲ ವಸ್ತು. ಸಣ್ಣದು, ಹೊಳೆಯುವುದು, ನೂರೆಂಟು ಬಣ್ಣದಲ್ಲಿ ಬರುವುದು ಯಾವುದೇ ಇರಲಿ, ಅದನ್ನು ಕಂಡರೆ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಹೆಂಡತಿಯ ಸೀರೆಗೆ ಫಾಲು ಹುಡುಕಿಕೊಂಡು ಬಂದ ಮಿಲಿಂದರಾವ ನನ್ನ ಗೆಳೆಯರಾದರು. ಅವರದು ಕುರನೂರ, ಕೆಲಸ ಅಕ್ಕಲಕೋಟದ ಒಂದು ಬ್ಯಾಂಕಿನಲ್ಲಿ. ರವಿವಾರ ಬಂತೆಂದರೆ ತಮ್ಮೂರ ಡ್ಯಾಮಿನ ದಂಡೆಯ ಮೇಲೆ ಗಾಳ ಹಾಕಿ ಕೂಡುವವರು. 'ಶೇಠಜಿ, ಅಂಗಡಿ ಧೂಳಾ ಭಾಳ ಕುಡದೀರಿ, ಒಂದಿನ ಗಾಳಿ ಕುಡ್ಯಾಕ ಬರ್ರಿ' ಎಂದು ಕರೆದುಕೊಂಡು ಹೋದರು. ಬೋರಿ ನದಿಯ ನೀರು, ಆಚೆ ದಂಡೆಯ ಕಬ್ಬು, ನೀರಿನ ಮೇಲೆ ಸುಳಿದಾಡುವ ಹಕ್ಕಿ, ಎಲ್ಲವನ್ನೂ ನೋಡಿದೆ. ಆದರೆ ನನ್ನ ಕಣ್ಣು ನೆಟ್ಟದ್ದು ಅವರ ಚೀಲದಲ್ಲಿದ್ದ ಒಂದು ಹಸಿರು ರಬ್ಬರ್ ಕಪ್ಪೆಯ ಮೇಲೆ.

ಆ ಕಪ್ಪೆಯನ್ನು ನೀವು ನೋಡಬೇಕಿತ್ತು. ಹೊಟ್ಟೆಯ ಮೇಲೆ ಹಳದಿ ಚುಕ್ಕೆ, ಹಿಂದೆ ರೇಷ್ಮೆಯಂಥ ಎರಡು ಎಳೆಯ ಕಾಲು, ಬೆನ್ನಿಗೆ ಒತ್ತಿಕೊಂಡು ಅಡಗಿದ ಕೊಕ್ಕೆ. ಯಾವನೋ ಪುಣ್ಯಾತ್ಮ ಇಷ್ಟು ಶ್ರದ್ಧೆಯಿಂದ ಕೂತು ಮಾಡಿದ್ದಾನೆ, ಅದೂ ಬುದ್ಧಿಯಿಲ್ಲದ ಒಂದು ಮೀನಿನ ಸಲುವಾಗಿ! ನಮ್ಮ ಲಟಕನ್ ಮಾಡುವವರು ಬುದ್ಧಿಯಿರುವ ಹೆಣ್ಣುಮಕ್ಕಳಿಗೂ ಇಷ್ಟು ಕಷ್ಟಪಡುವುದಿಲ್ಲ. ಅವತ್ತೇ ಮೊಬೈಲಿನಲ್ಲಿ ಹುಡುಕಿ ಅಂಥದೊಂದು ಕಪ್ಪೆ ತರಿಸಿದೆ. ಕಪ್ಪೆಯ ಹಿಂದೆ ಬೆಳ್ಳಿಬಣ್ಣದ ನಕಲಿ ಮೀನು ಬಂತು. ಕೆಂಪು ತಲೆಯ ತೇಲುಬೆಂಡು ಬಂತು, ಸೀಸದ ಗುಂಡು ಬಂತು, ರೀಲು ಬಂತು. ಕೊನೆಗೆ ಬಂಗಾರದ ಬಣ್ಣದ ಒಂದು ಜೋಡಿ 'ಚಮಚ' ಬಂತು. ಚಮಚವೆಂದರೆ ಉಪ್ಪಿಟ್ಟು ತಿನ್ನುವುದಲ್ಲ, ನೀರಿನಲ್ಲಿ ತಿರುಗುತ್ತ ಮಿಂಚಿ ಮೀನನ್ನು ಮರುಳು ಮಾಡುವ ತಗಡಿನ ಎಲೆ. ತುದಿಗೆ ಕೆಂಪು ಪುಕ್ಕ. ಕಲ್ಲಿಗೆ ಸಿಕ್ಕಿ ಹರಿದುಹೋದೀತೆಂದು ಆ ಜೋಡಿಯನ್ನು ನಾನು ನೀರಿಗೆ ಇಳಿಸಲೇ ಇಲ್ಲ. ದಂಡೆಯ ಮೇಲೆ ಒರೆಸಿ ಒರೆಸಿ ಮತ್ತೆ ಒಳಗಿಡುತ್ತಿದ್ದೆ. ಒಂದು ಬಿದಿರಿನ ಕೋಲು ಹಿಡಿದು ಮೀನಿನ ಮೇಲೆ ಮೀನು ಎಳೆಯುತ್ತಿದ್ದ ಮಿಲಿಂದರಾವ ನನ್ನ ಕಡೆ ನೋಡಿ, 'ಶೇಠಜಿ, ಮೀನಾ ನಿಮ್ಮ ಡಬ್ಬಿ ನೋಡಾಕ ದಂಡಿಗಿ ಬರಂಗಿಲ್ರಿ, ನೀವ ನೀರಾಗ ಹಾಕಬೇಕು' ಎನ್ನುತ್ತಿದ್ದರು. ನಿಜ ಹೇಳುತ್ತೇನೆ, ಇಷ್ಟು ರವಿವಾರಗಳಲ್ಲಿ ನನ್ನ ಗಾಳಕ್ಕೆ ಮೀನು ಬಿದ್ದದ್ದಿಲ್ಲ. ಒಮ್ಮೆ ಚಪ್ಪಲಿ ಬಿತ್ತು, ಅದೂ ಒಂದೇ ಕಾಲಿನದು.

ಮನೆಯಲ್ಲಿ ಈ ಸಂಪತ್ತನ್ನು ಇಡುವುದೆಲ್ಲಿ? ಕಪಾಟಿನ ಮೇಲೆ, ಸೂಟ್‌ಕೇಸಿನೊಳಗೆ, ಹಳೇ ಬೂಟಿನ ಪೆಟ್ಟಿಗೆಯಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತುರುಕಿದೆ. ಗಾಳಕ್ಕೆ ಮಾತ್ರ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಒಂದು ನನ್ನ ಬನಿಯನ್ನಿಗೆ ಸಿಕ್ಕಿತು, ಇನ್ನೊಂದು ಪರದೆಗೆ ಸಿಕ್ಕಿತು, ಮೂರನೆಯದು ನನ್ನ ಹೆಂಡತಿ ಸುವರ್ಣಾಳ ಇಳಕಲ್ ಸೀರೆಯ ಸೆರಗಿಗೆ ಸಿಕ್ಕಿತು. ಆಕೆ ಕೂಗಾಡಲಿಲ್ಲ. ಸೆರಗಿನಿಂದ ಗಾಳವನ್ನು ಒಂದೆಳೆಯೂ ಹರಿಯದಂತೆ ಬಿಡಿಸಿ, ನನ್ನ ಅಂಗೈ ಮೇಲಿಟ್ಟು, 'ಶ್ರಾವಣಕ್ಕ ಗೌರಾತ್ಯಾ ಬರ್ತಾರ. ಇದನ್ನ ನೋಡಿದ್ರ ಸಾಮಾನಷ್ಟ ಅಲ್ಲ, ನೀವೂ ಹೊರಗ' ಎಂದಳು.

ಗೌರಾತ್ಯಾ ಎಂದರೆ ನನ್ನ ತಂದೆಯ ಅಕ್ಕ. ಅಕ್ಕಲಕೋಟದಲ್ಲಿ ಮಗನ ಮನೆಯಲ್ಲಿದ್ದಾಳೆ. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ನಮ್ಮಲ್ಲಿಗೆ ಬಂದು, ಹಿರಿಯರ ಮನೆಯ ಮಡಿಯನ್ನೆಲ್ಲ ತಪಾಸಣೆ ಮಾಡಿ ಹೋಗುತ್ತಾಳೆ. ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. ಪಕ್ಕದ ಮನೆಯವರು ಆಮ್ಲೆಟ್ ಮಾಡಿದರೆ ನಮ್ಮ ಕಿಟಕಿಗೆ ನೀರು ಹಾಕಿಸುತ್ತಾಳೆ. ಅವಳ ಮಾತನ್ನು ನಮ್ಮಪ್ಪ ಮೀರಲಿಲ್ಲ, ನಾನಂತೂ ಮೀರುವ ಜಾತಿಯವನಲ್ಲ. ಅವಳು 'ತಗಿ' ಎಂದರೆ ನನ್ನ ಕಪ್ಪೆ, ಚಮಚ, ರೀಲು ಎಲ್ಲ ಅದೇ ದಿವಸ ಹೊಸ್ತಿಲು ದಾಟಬೇಕು. ಮಿಲಿಂದರಾವರ ಮನೆಯಲ್ಲಿ ಇಟ್ಟುಬಿಡಲೇ ಎಂದುಕೊಂಡೆ. ಆದರೆ ಅವರು ಅವನ್ನೆಲ್ಲ ನೀರಿಗೆ ಹಾಕಿಬಿಟ್ಟಾರು ಎಂದು ಭಯವಾಯಿತು. ದಿಕ್ಕು ತೋಚದೆ ಸುವರ್ಣಾಳಿಗೇ ಶರಣು ಹೋದೆ.

ನನ್ನ ಹೆಂಡತಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನಮ್ಮ ಅಂಗಡಿಯಲ್ಲಿ ಗಿರಾಕಿಯ ಜೊತೆ ಹರಟುವವನು ನಾನು, ಅಂಗಡಿಯನ್ನು ಅಂಗಡಿಯಾಗಿ ಇಟ್ಟವಳು ಅವಳು. ಗುಂಡಿಯ ಡಬ್ಬಿಗಳನ್ನು ನೀವು ನೋಡಿರಬಹುದು. ಗೋಡೆಯುದ್ದಕ್ಕೂ ಒಂದರ ಮೇಲೊಂದು ಇಟ್ಟಿರುತ್ತಾರೆ, ಒಳಗೇನಿದೆಯೋ ಅದರದೇ ಒಂದು ಸ್ಯಾಂಪಲ್ಲನ್ನು ಡಬ್ಬಿಯ ಮುಂಭಾಗಕ್ಕೆ ಹೊಲಿದಿರುತ್ತಾರೆ. ಓದಬೇಕಿಲ್ಲ, ಕೇಳಬೇಕಿಲ್ಲ, ನೋಡಿ ಕೈಹಾಕಿದರೆ ಆಯಿತು. ಸುವರ್ಣಾ ಅಂಗಡಿಯಿಂದ ಖಾಲಿ ಡಬ್ಬಿಗಳನ್ನು ತಂದು ನನ್ನ ಸಾಮಾನಿಗೆ ಅದೇ ಕ್ರಮ ಹಚ್ಚಿದಳು. ಗಾಳಗಳನ್ನು ಸ್ಪಂಜಿಗೆ ಚುಚ್ಚಿ ಸಣ್ಣದರಿಂದ ದೊಡ್ಡದಕ್ಕೆ ಸಾಲು ಮಾಡಿದಳು. ಸೀಸದ ಗುಂಡು ಹಳೇ ಮಸಾಲೆ ಡಬ್ಬಿಯ ಬಟ್ಟಲುಗಳಿಗೆ ಹೋದವು. ತೇಲುಬೆಂಡುಗಳು ಬಳೆಯ ಸ್ಟ್ಯಾಂಡಿನಲ್ಲಿ ಕೂತವು. ನೈಲಾನ್ ದಾರವನ್ನು ಹೊಲಿಗೆ ದಾರದ ರೀಲುಗಳ ನಡುವೆ ಹೇಗಿಟ್ಟಳೆಂದರೆ ನನಗೇ ಹುಡುಕಲು ಬರಲಿಲ್ಲ. ನಕಲಿ ಮೀನುಗಳು ಬಣ್ಣದ ಪ್ರಕಾರ, ತಿಳಿ ಹಸಿರಿನಿಂದ ಗಿಳಿ ಹಸಿರು, ಅಲ್ಲಿಂದ ಬಾಟಲಿ ಹಸಿರು. ಪ್ರತಿ ಡಬ್ಬಿಯ ಮೇಲೂ ಕೊಕ್ಕೆ ಕಿತ್ತ ಒಂದೊಂದು ಸ್ಯಾಂಪಲ್. ಪಡಸಾಲೆಯ ಗೋಡೆಗೆ ಆ ಡಬ್ಬಿಗಳನ್ನು ಜೋಡಿಸಿ ಅವಳು ಹಿಂದೆ ಸರಿದು ನಿಂತಳು. ಇಷ್ಟು ವರ್ಷ ಸಂಸಾರ ಮಾಡಿದೆ, ಅವಳ ಕೈಯಲ್ಲಿ ಇಂಥ ವಿದ್ಯೆ ಇದೆಯೆಂದು ಅಂಗಡಿಯಲ್ಲಿ ದಿನಾ ನೋಡಿದರೂ ತಿಳಿದಿರಲಿಲ್ಲ. 'ಆತ್ಯಾ ಕೇಳಿದ್ರ?' ಎಂದೆ. 'ಮುಚ್ಚಿಟ್ರ ಕೇಳ್ತಾರ. ಅಂಗಡಿ ಮಾಲಿನಂಗ ಎದುರಿಗಿ ಇದ್ರ ಯಾರು ಕೇಳ್ತಾರ್ರಿ?' ಎಂದಳು.

ಗೌರಾತ್ಯಾ ಬಂದಳು. ಕಾಲು ತೊಳೆದು ಒಳಗೆ ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಡಬ್ಬಿ ನೋಡುತ್ತ ಬಂದು ಬಂಗಾರದ ಚಮಚದ ಮೇಲೆ ಕೈಯಿಟ್ಟಳು. 'ಅಗಬಾಯಿ! ಎಷ್ಟ ಛಂದ ಲಟಕನ್ ಬಂದಾವಲ್ಲೋ ಮಲ್ಲ್ಯಾ! ಅಕ್ಕಲಕೋಟದಾಗ ಇಂಥಾ ಮಾಲು ಬರೂದ ಇಲ್ಲ ನೋಡು. ನನ್ನ ಮೊಮ್ಮಗಳ ಕುಬಸ ಐತಿ, ಹಸರ ಜಂಪರಿಗೆ ಅಗದಿ ಒಪ್ಪತೈತಿ. ಒಂದ ಜೋಡಿ ತಗಿ' ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸುವರ್ಣಾ ಡಬ್ಬಿಯ ಮೇಲಿನ ಸ್ಯಾಂಪಲ್ಲನ್ನೂ ಒಳಗಿದ್ದ ಎರಡನೆಯದನ್ನೂ ತೆಗೆದು, ಅಡುಗೆಮನೆಗೆ ಒಯ್ದು, ಇಕ್ಕಳದಿಂದ ಎರಡನೆಯದರ ಕೊಕ್ಕೆ ಕಿತ್ತು, ಕೊಕ್ಕೆಯ ಜಾಗಕ್ಕೆ ಒಂದೊಂದು ಮುತ್ತು ಪೋಣಿಸಿ ತಂದುಕೊಟ್ಟಳು. ನೀರಿಗೂ ತೋರಿಸದೆ ಕಾಪಾಡಿದ ನನ್ನ ಜೋಡಿ ಆತ್ಯಾಳ ಚೀಲದಲ್ಲಿ ಎಲೆಅಡಿಕೆಯ ಜೊತೆ ಅಕ್ಕಲಕೋಟಕ್ಕೆ ಹೊರಟುಹೋಯಿತು. ದುಃಖವಾಯಿತು, ಉಳಿದದ್ದಾದರೂ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

ಕುಬಸದ, ಅಂದರೆ ಸೀಮಂತದ ದಿನ ನಾವಿಬ್ಬರೂ ಅಕ್ಕಲಕೋಟಕ್ಕೆ ಹೋದೆವು. ಬಸುರಿ ಹುಡುಗಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಜಂಪರು ತೊಡಿಸಿ ಕೂಡಿಸಿದ್ದರು. ಮನೆ ತುಂಬ ಹೋಳಿಗೆಯ ವಾಸನೆ. ಅಲ್ಲಿ ಮಿಲಿಂದರಾವ ಕೂತಿದ್ದಾರೆ! ಬ್ಯಾಂಕಿಗೆ ಹೋದಾಗಲೆಲ್ಲ ತನ್ನ ಪೆನ್ಶನ್ ಕೆಲಸ ಮಾಡಿಕೊಡುವ ಮನುಷ್ಯನೆಂದು ಆತ್ಯಾಳೇ ಅವರನ್ನು ಕರೆದಿದ್ದಳು. ಹುಡುಗಿ ಹಿರಿಯರಿಗೆ ನಮಸ್ಕಾರ ಮಾಡಲು ಬಾಗಿದಳು. ಬೆನ್ನಿನ ಮೇಲೆ ನನ್ನ ಚಮಚಗಳೆರಡೂ ಫ್ಯಾನಿನ ಗಾಳಿಗೆ ಗಿರಗಿರ ತಿರುಗಿ ಮಿಂಚಿದವು. ನೀರಿನಲ್ಲಿ ತಿರುಗಬೇಕಾದದ್ದು ಹೀಗೇ ಇರಬೇಕು, ಎಷ್ಟು ಚೆಂದ ಎಂದು ನಾನು ಮೈಮರೆತಿದ್ದೆ. ಅಷ್ಟರಲ್ಲಿ ಮಿಲಿಂದರಾವರ ದನಿ ಕೇಳಿತು: 'ಅರೇ ಶೇಠಜಿ, ಇವು ನಿಮ್ಮ ಮೀನಾ ಹಿಡ್ಯೂ ಚಮಚಾ ಅಲ್ಲೇನ್ರಿ?'

ಪಡಸಾಲೆಯಲ್ಲಿ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಆತ್ಯಾ ಮೊದಲು ಲಟಕನ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಗೋಡೆಯ ಮೇಲಿನ ಡಬ್ಬಿಗಳೆಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಬರುತ್ತಿರುವುದು ನನಗೆ ಗೊತ್ತಾಯಿತು. ಹೋಯಿತು, ನನ್ನ ಕಪ್ಪೆ ಹೋಯಿತು, ರೀಲು ಹೋಯಿತು ಎಂದು ನಾನು ಒಳಗೊಳಗೇ ಅಳುತ್ತಿದ್ದೆ. ಆತ್ಯಾ ನನ್ನನ್ನು ಬಿಟ್ಟು ಮಿಲಿಂದರಾವರ ಕಡೆ ತಿರುಗಿದಳು.

'ಖರೇ ಹೇಳ್ರಿ ಸಾಹೇಬ್ರ. ನಮ್ಮ ಮಲ್ಲ್ಯಾ ಈ ಸಾಮಾನಿಲೆ ಇಲ್ಲೀತನಾ ಎಷ್ಟ ಮೀನಾ ಹಿಡದಾನ?'

ಮಿಲಿಂದರಾವ ನನ್ನ ಮುಖ ನೋಡಿದರು. ನೆಂಟರೆಲ್ಲ ಸೇರಿದ್ದಾರೆ, ಮರ್ಯಾದೆಗೆ ಎರಡೋ ಮೂರೋ ಅಂದಾರು ಎಂದು ನಾನು ಆಸೆಪಟ್ಟೆ. ಬ್ಯಾಂಕಿನ ಮನುಷ್ಯ, ಇಲ್ಲದ್ದನ್ನು ಇದೆ ಎನ್ನುವ ರೂಢಿಯೇ ಇಲ್ಲ. 'ಒಂದೂ ಇಲ್ರಿ ಆಯಿ. ಒಂದ ಚಪ್ಪಲ್ ಅಷ್ಟ ಹಿಡದಾರ' ಎಂದರು.

ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡಳು. ಸುವರ್ಣಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗದೇ ಇದ್ದವಳು ಆತ್ಯಾ ಒಬ್ಬಳೇ. ಗಂಭೀರವಾಗಿ ತಲೆದೂಗಿ, 'ಹಂಗಿದ್ರ ಇದು ಮೈಲಿಗಿ ಆಗಿಲ್ಲ ತಗೋ. ಜಂಪರಿನ ಮ್ಯಾಲೂ ಇರಲಿ, ಮನ್ಯಾಗೂ ಇರಲಿ. ಆದ್ರ ಮಲ್ಲ್ಯಾ, ನೀ ಯಾವತ್ತ ಒಂದ ಮೀನಾ ಹಿಡೀತಿ, ಆವತ್ತ ಒಂದ ಸೂಜಿನೂ ಒಳಗ ಬರಬಾರದು' ಎಂದು ತೀರ್ಪು ಕೊಟ್ಟಳು. ಹಾಡು ಮತ್ತೆ ಸುರುವಾಯಿತು. ನಾಲ್ಕು ಜನರ ಮುಂದೆ ನನ್ನ ಕೈಲಾಗದತನ ಬಯಲಾದದ್ದಕ್ಕೆ ಅಷ್ಟು ಸಂತೋಷ ನನಗೆ ಮೊದಲೆಂದೂ ಆಗಿರಲಿಲ್ಲ. ಹೋಳಿಗೆಗೆ ಇನ್ನೊಂದು ಸುತ್ತು ತುಪ್ಪ ಹಾಕಿಸಿಕೊಂಡೆ.

ಮುಂದಿನ ರವಿವಾರ ನಿಶ್ಚಿಂತೆಯಿಂದ ಕುರನೂರಿಗೆ ಹೋದೆ. ಇನ್ನು ಹಿಡಿಯಲೇಬೇಕೆಂಬ ತೊಳಲಾಟವಿಲ್ಲ. ಅದೇ ಧೈರ್ಯದಲ್ಲಿ, ಜೀವಮಾನದಲ್ಲಿ ಮೊದಲ ಸಲ, ಹಸಿರು ಕಪ್ಪೆಯನ್ನು ನಿಜವಾಗಿ ನೀರಿಗೆ ಎಸೆದೆ. ಅದು ಜೊಂಡಿನ ಹತ್ತಿರ ಎರಡು ಸಲ ಕುಪ್ಪಳಿಸಿತು. ನಾನು ಮೆಚ್ಚಿ ನೋಡುತ್ತಿದ್ದಂತೆ ನೀರು ಬಾಯಿ ತೆರೆದು ಕಪ್ಪೆ ಮಾಯವಾಯಿತು, ಕೋಲು ಬಿಲ್ಲಿನಂತೆ ಬಾಗಿತು. ಎಷ್ಟು ರವಿವಾರ ಕಾದ ಗಳಿಗೆ! ನಾನೇನು ಮಾಡಿದೆ ಗೊತ್ತೇ? ಓಡಿಹೋಗಿ ಕೋಲನ್ನು ಮಿಲಿಂದರಾವರ ಕೈಗೆ ತುರುಕಿದೆ.

'ಅರೇ ಬಾಬಾ, ನಿಮ್ಮ ಮೀನಾ ಐತಿ, ನೀವ ಎಳೀರಿ!' ಎಂದರು ಅವರು.

'ನಾ ಹಿಡದ್ರ ನನ್ನ ಡಬ್ಬಿ ಎಲ್ಲಾ ಮನಿ ಹೊರಗ ಬೀಳತಾವ್ರಿ! ನೀವ ಹಿಡೀರಿ, ಪುಣ್ಯಾ ಬರತೈತಿ!' ಎಂದೆ.

ಅವರು ಎಳೆದರು. ಕಪ್ಪು ಹಸಿರಿನ ಬೆನ್ನು, ಹೊಟ್ಟೆಯ ಪಕ್ಕದಲ್ಲಿ ಬೂದು ಬಿಳಿ ಪಟ್ಟೆ, ಮೈಯೆಲ್ಲ ಒದ್ದೆ ಹೊಳಪು. ಬಾಟಲಿ ಹಸಿರಿನಿಂದ ಬೂದು ಬಣ್ಣಕ್ಕೆ ಇಳಿಯುವ ಆ ಶೇಡು ನಮ್ಮ ಅಂಗಡಿಯ ಯಾವ ಕಾರ್ಡಿನಲ್ಲೂ ಇಲ್ಲ. ನನ್ನ ಡಬ್ಬಿಯ ನಕಲಿ ಮೀನುಗಳೆಲ್ಲ ಅದರ ಮುಂದೆ ಹುಡುಗರ ಆಟಿಗೆಗಳಾದವು. ಕಣ್ಣು ತುಂಬ ನೋಡಿದೆ. ಮುಟ್ಟಲಿಲ್ಲ.

ಸಂಜೆ ಮನೆಗೆ ಬಂದಾಗ ಸುವರ್ಣಾ ಎಂದಿನಂತೆ ಸಾಮಾನು ಜೋಡಿಸಲು ಕೂತಳು. ಕಪ್ಪೆಯ ಬೆನ್ನ ಮೇಲೆ ಹಲ್ಲಿನ ಗುರುತು ಇತ್ತು. ಮೂಗಿನ ಹತ್ತಿರ ಒಯ್ದು ನೋಡಿದಳು, ನನ್ನನ್ನು ನೋಡಿದಳು. ಒಂದು ಹೊಸ ಡಬ್ಬಿ ತಂದು ಕಪ್ಪೆಯನ್ನು ಅದರಲ್ಲಿ ಹಾಕಿ, ಹೊಸ್ತಿಲಿನ ಹೊರಗೆ ಮೀಟರಿನ ಪೆಟ್ಟಿಗೆಯ ಮೇಲೆ ಇಟ್ಟು ಬಂದಳು. ನಮ್ಮ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಮೇಲೆ ಸ್ಯಾಂಪಲ್ ಇಲ್ಲದ ಡಬ್ಬಿ ಅದೊಂದೇ.

ಅಷ್ಟರಲ್ಲಿ ಅಕ್ಕಲಕೋಟದಿಂದ ಫೋನು ಬಂತು. ಕುಬಸದ ದಿನದಿಂದ ಆತ್ಯಾಳಿಗೆ ನನ್ನ ರವಿವಾರಗಳ ಮೇಲೆ ಕಣ್ಣು. 'ಏನರ ಹಿಡದೇನೋ ಮಲ್ಲ್ಯಾ?'

'ಇಲ್ಲ ಆತ್ಯಾ, ನಾ ಏನೂ ಹಿಡದಿಲ್ಲ' ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದಕ್ಕೆ ನೀವೇ ಸಾಕ್ಷಿ.

'ಶಾಣ್ಯಾ ಅದಿ ನನ ಮಗನ!' ಎಂದಳು ಆತ್ಯಾ. ಸಾಲೆಯಲ್ಲಿ ಪಾಸಾದಾಗಲೂ ಅವಳು ನನ್ನನ್ನು ಹಾಗೆ ಹೊಗಳಿರಲಿಲ್ಲ. ಸುವರ್ಣಾ ಅತ್ತ ತಿರುಗಿ ಡಬ್ಬಿಗಳ ಧೂಳು ಒರೆಸುತ್ತಿದ್ದಳು, ಅವಳ ಭುಜ ಮಾತ್ರ ಅಲುಗಾಡುತ್ತಿತ್ತು.