ಎಲ್ಯೂತೇರಿಯೊನ ಒಳ್ಳೆಯ ಕಾಲು

ಮಗಳ ಹದಿನೈದನೆಯ ಹುಟ್ಟುಹಬ್ಬದ ಬೆಳಿಗ್ಗೆಯೇ ಎಲ್ಯೂತೇರಿಯೊನ ಎಡಗಾಲಿನ ಹುಣ್ಣು ರಂಪ ತೆಗೆಯಿತು. ಪುಯೆಬ್ಲಾ ಊರಿನ ಆ ಓಣಿಗೆಲ್ಲ ‘ಕೊಂಚಾ’ ಎಂಬ ಸಿಹಿ ಬನ್ನು ಸುಡುತ್ತ, ಒಲೆ ಮುಂದೆ ನಿಂತೇ ಆಯಸ್ಸು ಸವೆಸಿದವನು ಅವನು. ಸಂಜೆ ಮಗಳು ಇತ್ಸೆಲ್‌ಳ ಚಪ್ಪಟೆ ಚಪ್ಪಲಿ ಬಿಚ್ಚಿ, ಮೊದಲ ಹೈಹೀಲ್ಡು ತೊಡಿಸಿ, ಎಲ್ಲರೆದುರು ಅವಳೊಡನೆ ವಾಲ್ಟ್ಸ್ ಕುಣಿಯಬೇಕು. ಹುಡುಗಿಗೆ ಹದಿನೈದು ತುಂಬಿದರೆ ಅಲ್ಲಿನ ಪದ್ಧತಿ ಅದು; ಅಪ್ಪನಾದವನಿಗೆ ಅದೊಂದು ಭಾಗ್ಯ. ಅದಕ್ಕಾಗಿ ತಿಂಗಳುಗಟ್ಟಲೆ ಹಿಟ್ಟಿನ ಮೂಟೆ ತಬ್ಬಿಕೊಂಡು ಹೆಜ್ಜೆ ಕಲಿತಿದ್ದ.

ಸಾಲದ್ದಕ್ಕೆ ಮಗಳ ಹೊಸ ಕಿವಿಯೋಲೆಯಲ್ಲೊಂದು ಮೊನ್ನೆಯಿಂದ ಕಾಣೆ. ಅದನ್ನು ಹುಡುಕಿ ಅಲೆದೇ ಕಾಲು ಕೆಟ್ಟಿತೆಂದು ಅವನ ಗೊಣಗಾಟ.

ಪಕ್ಕದ ಮನೆಯ ದೊನ್ಯಾ ಚೋಲೆ ಬಗ್ಗಿ ನೋಡಿದಳು. "ಕಣಕಾಲಿನ ಒಳಮಗ್ಗುಲು, ನೀರು ಬೇರೆ ಸೋರ್ತಿದೆ. ರಕ್ತ ಮೇಲೆ ಹೋಗದೆ ನಿಂತಾಗ ಆಗೋ ಹುಣ್ಣು ಕಣಪ್ಪ. ಕಾಲು ಮೇಲೆತ್ತಿಡು." ಕಾಲು ದಿಂಬೇರಿತು.

ಅಷ್ಟರಲ್ಲಿ ಇತ್ಸೆಲ್‌ಳ ಧರ್ಮತಂದೆ, ಕ್ಷೌರಿಕ ಫಿದೆನ್ಸಿಯೊ ಬಂದ. "ಯಾರಯ್ಯ ಎತ್ತಿಸಿದ್ದು? ರಕ್ತ ಕೆಳಗಿಳೀದೆ ಆಗೋ ಹುಣ್ಣು ಇದು. ಇಳಿಬಿಡು."

"ಅದು ಬೆರಳ ತುದೀಲಾಗತ್ತೆ, ಪಾದ ತಣ್ಣಗಿರತ್ತೆ," ಎಂದಳು ಚೋಲೆ.

"ಬೇಕರಿಯವನ ಪಾದ ಯಾವತ್ತಮ್ಮ ತಣ್ಣಗಿತ್ತು?"

ಅವಳು ಎತ್ತುವುದು, ಇವನು ಇಳಿಸುವುದು. ಮಧ್ಯಾಹ್ನದ ಹೊತ್ತಿಗೆ ಕಾಲು ಏತದ ಹಾಗಾಯಿತು. ಕೊನೆಗೆ ಆರೋಗ್ಯ ಕೇಂದ್ರದ ನರ್ಸ್ ಒಬ್ದೂಲಿಯಾಗೆ ಹೇಳಿಕಳಿಸಿದರು.

ಅವಳು ಪಾದದ ನಾಡಿ ಹಿಡಿದು ನೋಡಿದಳು. "ನಾಡಿ ಚೆನ್ನಾಗಿದೆ. ಚೋಲೆಯಮ್ಮ ಹೇಳಿದ್ದೇ ಸರಿ. ಬಿಗಿಯಾಗಿ ಪಟ್ಟಿ ಸುತ್ತುತೀನಿ. ನಡೆದಷ್ಟೂ ಒಳ್ಳೇದು."

"ಕುಣೀಬಹುದಾ ಸಿಸ್ಟರ್?"

"ಧಾರಾಳವಾಗಿ."

ಎಲ್ಯೂತೇರಿಯೊನ ಕಣ್ಣು ತುಂಬಿ ಬಂತು.

"ಸಕ್ಕರೆ ಕಾಯಿಲೆ ಇದೆಯಲ್ಲ, ಇನ್ನೊಂದು ಕಾಲೂ ತೋರ್ಸಿ," ಎಂದಳು ಅವಳು, ಪಟ್ಟಿ ಸುತ್ತಿ ಮುಗಿಸುತ್ತ.

"ಅದು ನನ್ನ ಒಳ್ಳೇ ಕಾಲು ಸಿಸ್ಟರ್. ನೋವು ಅನ್ನೋದೇ ಇಲ್ಲ. ಚಿವುಟಿದ್ರೂ ಗೊತ್ತಾಗಲ್ಲ," ಎಂದು ಹೆಮ್ಮೆಯಿಂದ ಬಲಗಾಲಿನ ಬೂಟು ಕಳಚಿದ.

ಅಂಗಾಲಿನ ನಡುವೆ ಒಂದು ಹುಣ್ಣು. ಅದರೊಳಗೆ ಇತ್ಸೆಲ್‌ಳ ಓಲೆ ಮಿರುಗುತ್ತಿತ್ತು.

"ಸಕ್ಕರೆ ಕಾಯಿಲೆಗೆ ನರ ಸತ್ತಿದೆ. ನೋವಿಲ್ಲ ಅನ್ನೋದಕ್ಕೇ ಇದು ಕೆಟ್ಟ ಹುಣ್ಣು," ಎಂದಳು ಒಬ್ದೂಲಿಯಾ, ಓಲೆ ಕೀಳುತ್ತ. "ಈ ಕಾಲು ನೆಲ ಮುಟ್ಟೋ ಹಾಗಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆ."

ಸಂಜೆ ಅವನನ್ನು ಬನ್ನಿನ ಗಾಡಿಯಲ್ಲಿ ಕೂರಿಸಿ ಸಭಾಂಗಣಕ್ಕೆ ತಳ್ಳಿಕೊಂಡು ಬಂದರು. ಇತ್ಸೆಲ್ ಅಪ್ಪನ ತೊಡೆಯ ಮೇಲೆ ಪಾದವಿಟ್ಟಳು. ಅವನು ಹೈಹೀಲ್ಡನ್ನು ತಲೆಕೆಳಗು ಮಾಡಿ, ಚೆನ್ನಾಗಿ ಕೊಡವಿ, ಆಮೇಲೆ ತೊಡಿಸಿದ. ವಾಲ್ಟ್ಸ್ ಮಾತ್ರ ಫಿದೆನ್ಸಿಯೊನ ಪಾಲಾಯಿತು.

ಹೆಜ್ಜೆಯ ಗಂಧವಿಲ್ಲದ ಫಿದೆನ್ಸಿಯೊ ಎರಡನೇ ಸುತ್ತಿಗೇ ಹೊಸ ಹೀಲ್ಡಿನಡಿಗೆ ಕಾಲು ಕೊಟ್ಟು, ಕುಂಟುತ್ತ ಬಂದು ಗಾಡಿಯ ಪಕ್ಕ ಕುಸಿದ.

"ಪ್ರಾಣ ಹೋಗೋ ಹಂಗೆ ನೋಯ್ತಿದೆ ಮಾರಾಯ."

ಎಲ್ಯೂತೇರಿಯೊ ಅವನ ಪಾದವನ್ನೇ ಆಸೆಯಿಂದ ನೋಡಿದ.

"ನೋಯ್ತಿದೆ ಅಲ್ವಾ? ಪುಣ್ಯವಂತ ಕಣಯ್ಯ ನೀನು."