ರಕ್ತಪರಿಚಲನೆ, ವಯಾ ಮಾಗಡಿ

ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ ಕೊಡುವುದು ಅಬ್ರಾರನ ನೌಕರಿ. ಕೇಳದವರಿಗೂ ಜ್ಞಾನ ಕೊಡುವುದು ಅವನ ಹವ್ಯಾಸ. ಎರಡನೆಯದರಲ್ಲಿ ಚಿಲ್ಲರೆಯ ತಾಪತ್ರಯವಿರಲಿಲ್ಲ.

ಹಾಗಾಗಿ ಹೆಂಡತಿ ಗುಲ್ನಾಜ ಹತ್ತನೆಯ ತರಗತಿಯ ವಿಜ್ಞಾನ ಪರೀಕ್ಷೆಗೆ ಮತ್ತೆ ಕೂಡುವುದೆಂದು ನಿಶ್ಚಯವಾದಾಗ, ಶಿರಹಟ್ಟಿಯ ಆ ಸಣ್ಣ ಮನೆಯಲ್ಲಿ ಆಕೆಗಿಂತ ಹೆಚ್ಚು ಹಿಗ್ಗಿದವನು ಅವನೇ. ಉಳಿದ ವಿಷಯಗಳೆಲ್ಲ ಮದುವೆಗೆ ಮುಂಚೆಯೇ ಪಾಸಾಗಿದ್ದವು. ಇದೊಂದು ದಾಟಿದರೆ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು. ಆಕೆಯ ಬಹಳ ದಿನದ ಆಸೆ ಅದು.

"ನೀ ಚಿಂತಿ ಬಿಡು. ವಿಜ್ಞಾನ ಅಂದ್ರ ಏನು? ಒಂದು ಬಸ್ಸು!" ಎಂದ ಅಬ್ರಾರ. (ತಾನು ಅದೇ ವಿಷಯದಲ್ಲಿ ಫುಟ್‌ಬೋರ್ಡಿಗೆ ಜೋತುಬಿದ್ದು ಪಾಸಾದವನೆಂದು ತಿಳಿಸುವ ಪ್ರಸಂಗ ಯಾಕೋ ಒದಗಿ ಬರಲಿಲ್ಲ.)

ಆಕೆ ರೊಟ್ಟಿ ಬಡಿಯುವಾಗ ಪಾಠ. ಮೊದಲು ಬೆಳಕು.

"ನಮ್ಮ ಡ್ರೈವರ್ ಕೊಟ್ರೇಶನ ಮಗ್ಗಲ ಕನ್ನಡಿ ಐತಲ್ಲ, ಅದು ಪೀನ ದರ್ಪಣ. ಹಿಂದಿನ ಲಾರಿ ಸಣ್ಣದಾಗಿ, ನೆಟ್ಟಗ ಕಾಣತೈತಿ. ಪ್ರತಿಬಿಂಬ ಮಿಥ್ಯ."

"ಮಿಥ್ಯ ಅಂದ್ರ?"

"ಕಾಣತೈತಿ, ಕೈಗೆ ಸಿಗಂಗಿಲ್ಲ."

"ನಿಮ್ಮ ರಜಾ ಇದ್ದಂಗ," ಎಂದಳು ಗುಲ್ನಾಜ, ರೊಟ್ಟಿ ಹೊರಳಿಸುತ್ತ.

ಗುರುಗಳು ಅದನ್ನು ಕೇಳಿಸಿಕೊಳ್ಳದೆ ಹೃದಯಕ್ಕೆ ಹಾರಿದರು.

"ಗದಗ ಅಂದ್ರ ಹೃದಯ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಲ್ಲಾ ಮೈ. ಶ್ವಾಸಕೋಶ ಯಾವ್ದು ಹೇಳು? ಮಾಗಡಿ! ಅಲ್ಲೀ ಕೆರಿ ಗಾಳಿಗೆ ಹಕ್ಕಿ ಎಲ್ಲೆಲ್ಲಿಂದಾನೋ ಬರ್ತಾವು. ರಕ್ತ ಬಸ್ಸು, ಆಮ್ಲಜನಕ ಪ್ಯಾಸೆಂಜರ್. ಖಾಲಿ ಬಸ್ಸು ಗದಗಿನಿಂದ ಮಾಗಡಿಗೆ ಹೋಗಿ ಆಮ್ಲಜನಕ ತುಂಬ್ಕೊಂಡು..."

"ಹೊಳ್ಳಿ ಗದಗಕ್ಕ ಬರತೈತಿ?"

"ಏ ಹುಚ್ಚಿ! ಶಿರಹಟ್ಟಿ ಅಲ್ಲೇ ಮಗ್ಗಲದಾಗ ಇರೂವಾಗ ಸುಮ್ಮ ಗದಗಕ್ಕ ಯಾಕ? ಡೀಸೆಲ್ ಪುಕ್ಕಟ ಬರತೈತೇನು? ಮಾಗಡಿಯಿಂದ ಸೀದಾ ಶಿರಹಟ್ಟಿ!"

ಗುಲ್ನಾಜಳ ಕೈ ಅರೆಗಳಿಗೆ ರೊಟ್ಟಿಯ ಮೇಲೆ ನಿಂತಿತು. "ಹೂಂ," ಎಂದಳು. ಆ 'ಹೂಂ' ಶಿಷ್ಯೆಯ ಭಕ್ತಿಯೆಂದೇ ಅವನು ತಿಳಿದ.

ಪರೀಕ್ಷೆಯ ದಿನ ಹೆಂಡತಿಯನ್ನು ತನ್ನದೇ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಕರೆದೊಯ್ದು (ರೂಢಿಬಲದಿಂದ ಆಕೆಗೂ "ಆಧಾರ್ ತೋರಸ್ರಿ" ಎಂದು ಬೈಸಿಕೊಂಡು) ಇಳಿಸಿ, ಅಬ್ರಾರ ಗದಗಿನ ಟ್ರಿಪ್ ಹಿಡಿದ. ಶಿರಹಟ್ಟಿಯಲ್ಲಿ ಚನ್ನಬಸವಣ್ಣ ಹತ್ತಿದರು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಇಂಥವರು ಸಿಕ್ಕ ಮೇಲೆ ಹೇಳದೆ ಇರಲಾದೀತೆ? ಟಿಕೆಟ್ ಹರಿಯುತ್ತಲೇ ತನ್ನ ಮಾಗಡಿ ರೂಟನ್ನು ಬಸ್ಸಿಗೆಲ್ಲ ಕೇಳುವಂತೆ ವಿವರಿಸಿದ.

ಮಾಸ್ತರರು ಕನ್ನಡಕ ತೆಗೆದರು. "ತಮ್ಮಾ, ರಕ್ತ ಹೊಳ್ಳಿ ಹೃದಯಕ್ಕ ಬರಲಾರದ ಮೈಗೆ ಹೆಂಗ ಹೊಕ್ಕೈತೋ? ದೂಡಾವ್ರು ಯಾರು? ಮಾಗಡಿ ಹಕ್ಕಿ ದೂಡ್ತಾವೇನು? ನಿನ್ನ ರೂಟಿನ್ಯಾಗ ಆ ಮನಷ್ಯಾ ಕೂತಲ್ಲೇ ಖಲಾಸ್!"

ಬಸ್ಸು ನಕ್ಕಿತು. ಅಬ್ರಾರನ ರಕ್ತ ಗದಗಕ್ಕೂ ಹೋಗದೆ ಮಾಗಡಿಗೂ ಹೋಗದೆ ಕಿವಿಯಲ್ಲೇ ಹಾಲ್ಟಾಯಿತು. ಇತ್ತ ಇವನು ಬಸ್ಸಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅತ್ತ ಆಕೆ ಪರೀಕ್ಷೆಯ ಕೋಣೆಯಲ್ಲಿ ತನ್ನ ಕೈಯಾರೆ ಅಂಗನವಾಡಿಯ ಬಾಗಿಲು ಮುಚ್ಚಿಕೊಳ್ಳುತ್ತಿರಬಹುದು. ಮುಂದಿನ ನಿಲ್ದಾಣದಲ್ಲಿ ಮುದುಕಿಯೊಬ್ಬಳ ಒಂದು ಕಾಲು ನೆಲದ ಮೇಲಿರುವಾಗಲೇ "ರೈಟ್!" ಎಂದ.

"ಏ ಅಬ್ರಾರಾ, ಕಣ್ಣು ಎಲ್ಲಿ ಇಟ್ಟೀಯೋ?" ಎಂದು ಕೊಟ್ರೇಶ ಗದರಿಸಿದ.

ಮಧ್ಯಾಹ್ನ ಬಸ್ಸು ಮರಳಿ ಲಕ್ಷ್ಮೇಶ್ವರಕ್ಕೆ ಬಂದಾಗ ಗುಲ್ನಾಜ ನಿಲ್ದಾಣದಲ್ಲಿ ಶೇಂಗಾ ತಿನ್ನುತ್ತ ನಿಂತಿದ್ದಳು.

"ಹೃದಯ ಬಂದಿತ್ತೇನು?" ಇವನ ದನಿ ಅರ್ಧಕ್ಕರ್ಧ ಇಳಿದಿತ್ತು.

"ಬಂದಿತ್ರಿ. ಚಿತ್ರ ತೆಗಿ, ಇಮ್ಮಡಿ ಪರಿಚಲನೆ ವಿವರಿಸು ಅಂತ."

"ನಾ ಹೇಳಿದಂಗ... ಬರದೀಯೇನು?"

"ಇಲ್ರಿ. ಗದಗಕ್ಕ ಹೊಳ್ಳಿಸಿ ತಂದು ಬರದೆ."

"ನಿನಗ ಹೆಂಗ ಗೊತ್ತಾತು?"

"ದಿನಾ ಸಂಜಿಕ ನಿಮ್ಮ ಬಸ್ಸು ನಮ್ಮ ಬಾಗಲ ಮುಂದನ ಹಾದು ಹೊಕ್ಕೈತಿ. ನೀವು ಕೈ ಮಾಡ್ತೀರಿ, ಇಳಿಯಂಗಿಲ್ಲ. ಗದಗ ಡಿಪೋಕ್ಕ ಹೋಗಿ, ಟಿಕೆಟ್ ಮಷಿನ್ ಒಪ್ಪಿಸಿ, ಮತ್ತೊಂದು ಬಸ್ಸು ಹತ್ತಿ ಹೊಳ್ಳಿ ಬರ್ತೀರಿ. ಮನಿ ಮಗ್ಗಲದಾಗ ಐತಂತ ಬಸ್ಸಿಗೇ ಬಿಡಂಗಿಲ್ಲ, ರಕ್ತಕ್ಕ ಬಿಡ್ತಾರೇನು? ಸಂಶೆ ಬಂತು. ಪುಸ್ತಕ ತಗದು ನೋಡಿದೆ."

"ಹಂಗಾರ ಆವತ್ತ ಯಾಕ ಹೇಳಲಿಲ್ಲ?"

"ದಣದು ಬಂದೋರು ಅಷ್ಟು ಖುಷಿಲೆ ಹೇಳಾಕತ್ತಿದ್ರಿ. ನಡುವ ಬೆಲ್ ಹೊಡಿಯಾಕ ಮನಸಾಗಲಿಲ್ಲ," ಎಂದು ಆಕೆ ಅವನ ಅಂಗೈಗೆ ನಾಲ್ಕು ಶೇಂಗಾ ಹಾಕಿದಳು.

ತಾನು ಕೈ ಮಾಡಿ ಮುಂದೆ ಹೋದ ಮೇಲೆ, ಅಷ್ಟೂ ಸಂಜೆಗಳಲ್ಲಿ, ಬಾಗಿಲಲ್ಲಿ ಉಳಿದವಳನ್ನು ಅಬ್ರಾರ ಅಲ್ಲಿಯತನಕ ನೆನೆದೇ ಇರಲಿಲ್ಲ. ಕಿಟಕಿಯ ಪಕ್ಕದ ಸೀಟು ಒರೆಸಿ ಕೊಟ್ಟ. ಆಧಾರ್ ಕೇಳಲಿಲ್ಲ, ಆಕೆಯೇ ತೋರಿಸಿದಳು.

ಗುಲ್ನಾಜ ಪಾಸಾದಳು. ಫಲಿತಾಂಶದ ದಿನ ಬಸ್ಸಿಗೆಲ್ಲ ಪೇಡೆ ಹಂಚಿ, "ನಮ್ಮ ಮನಿಯವರೇ ಕಲಿಸಿದ್ದು!" ಎಂದು ಸಾರಿದಳು. ಚನ್ನಬಸವಣ್ಣ ಮಾಸ್ತರರು ಪೇಡೆ ಬಾಯಿಗಿಟ್ಟುಕೊಂಡು, "ಹೌದೇನವಾ? ವಯಾ ಎಲ್ಲಿ?" ಎಂದರು.

ಅಂದು ಸಂಜೆ ಬಸ್ಸು ಮನೆಯ ಮುಂದೆ ಬಂದಾಗ ಕೊಟ್ರೇಶ ತಾನಾಗಿಯೇ ವೇಗ ತಗ್ಗಿಸಿದ. "ಏನ್ ಮಾಸ್ತರಾ, ಇಳೀತಿಯೇನು? ಸೀದಾ ಶಿರಹಟ್ಟಿ?"

ಬಾಗಿಲಲ್ಲಿ ನಿಂತವಳಿಗೆ ಅಬ್ರಾರ ಎರಡೂ ಕೈ ಬೀಸಿದ.

"ಬ್ಯಾಡಪಾ," ಎಂದ, "ಮೊದಲ ಹೃದಯಕ್ಕ ನಡಿ. ರೈಟ್!"