ಲಂಡನ್ನಿನ ಸರ್ಕಾರ, ನಮ್ಮನೆ ತೊಟ್ಟಿಲು

ಹೊಸದಾಗಿ ತಾತನಾದವನ ಕೈಗೆ ರೇಡಿಯೋ ಕೊಡಬಾರದು. ಅನುಭವದ ಮೇಲೆ ಹೇಳುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆಮೇಲೆ ಓದಿದ್ದೆಲ್ಲ ತೆಂಗಿನ ಮರವನ್ನು, ಅದೂ ಕೆಳಗೆ ನಿಂತು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಮಗು ಹೆತ್ತಳು. ಆ ಮಗುವಿನ ಅಂದವನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಬೇರೆ ಮಾತಿಗೆ ಜಾಗ ಉಳಿಯದು. ರೇಡಿಯೋ ಹಾಕಿದರೆ ಅಳು ನಿಲ್ಲಿಸುತ್ತಿತ್ತು, ಅಷ್ಟು ಹೇಳಿದರೆ ಸಾಕು. ಹಾಗಾಗಿ ವಾರ್ತೆಯೆಲ್ಲ ನನ್ನ ಕಿವಿಗೂ ಬಿತ್ತು. ಆ ವಾರ ಲಂಡನ್ನಿನಲ್ಲಿ ಚುನಾವಣೆ ಮುಗಿದು, ಯಾರು ಗೆದ್ದರು ಅಂತ ಅವರಿಗೇ ಗೊತ್ತಿರಲಿಲ್ಲ.

ಪೇಪರು ಓದುವ ನಮ್ಮೂರ ಮೇಷ್ಟ್ರನ್ನು ಕೇಳಿದೆ. "ಎರಡು ದೊಡ್ಡ ಪಕ್ಷ ಕಣಪ್ಪ. ಒಬ್ಬರಿಗೆ ವೋಟು ಜಾಸ್ತಿ, ಇನ್ನೊಬ್ಬರಿಗೆ ಸೀಟು ಜಾಸ್ತಿ. ಅರ್ಧ ದಾಟಿದೋರು ಯಾರೂ ಇಲ್ಲ. ಈಗ ಚಿಕ್ಕ ಪಕ್ಷದ ಕೈಲಿ ಬೀಗದ ಕೈ" ಅಂದರು. ಹಳೇ ಪ್ರಧಾನಿ ಚಿಕ್ಕ ಪಕ್ಷದವರನ್ನು ಕರೆಸಿ ಕೂರಿಸಿಕೊಂಡರಂತೆ. ವೋಟಿಗೆ ತಕ್ಕ ಸೀಟು ಬರುವ ಹಾಗೆ ಚುನಾವಣೆ ರೀತಿಯನ್ನೇ ಬದಲಾಯಿಸಿ, ಆಮೇಲೆ ನೋಡೋಣ ಅಂದರಂತೆ ಚಿಕ್ಕ ಪಕ್ಷದವರು. ಅದಕ್ಕೊಂದು ಸಮಿತಿ ಮಾಡೋಣ ಅಂದರಂತೆ ಪ್ರಧಾನಿ. "ಸಮಿತಿ ಅಂದ್ರೆ ಆಗಲ್ಲ ಅಂತ ಅರ್ಥ" ಎಂದು ಮೇಷ್ಟ್ರು ಪೇಪರು ಮಡಚಿದರು. ನನಗೆ ತಟ್ಟನೆ ನಮ್ಮನೆ ತೊಟ್ಟಿಲು ಹೊಳೆಯಿತು.

ನಮ್ಮಲ್ಲೂ ಪಕ್ಷ ಎರಡು. ಮಗುವಿಗೆ ನಮ್ಮ ಅವ್ವನ ಹೆಸರು, ನಂಜಮ್ಮ ಅಂತ ಇಡಬೇಕು ಅನ್ನುವುದು ನನ್ನ ಆಸೆ. ಅವ್ವ ಹೋದ ಮೇಲೆ ಆ ಹೆಸರು ಮನೆಯಲ್ಲಿ ಕೇಳಿಯೇ ಇಲ್ಲ; ಸಾಯುವುದರೊಳಗೆ ಇನ್ನೊಂದು ಸಲ ಕೇಳಬೇಕು ಅಂತ ಜೀವ ತುಡಿಯುತ್ತಿತ್ತು. ಕೆಂಕೆರೆಯ ಬೀಗರಿಗೆ ಅವರ ತಾಯಿ ಕೆಂಚಮ್ಮನ ಹೆಸರೇ ಆಗಬೇಕು. ನಾನು, ನನ್ನ ಹೆಂಡತಿ, ಮಗಳು ಮೂವರು. ಬೀಗರು, ಬೀಗಿತಿ, ಅಳಿಯ ಮೂವರು. ನಮ್ಮ ಸೀಮೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಕೂಗುವವಳು ಸೋದರತ್ತೆ. ಅವಳು ಮೂರು ಸಲ ಕೂಗಿದ್ದೇ ಖಾಯಂ, ಆಮೇಲೆ ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಚಿಕ್ಕ ಪಕ್ಷ ಅಂದರೆ ಅಳಿಯನ ಅಕ್ಕ ಗಂಗಮ್ಮ, ಹುಳಿಯಾರಿನವಳು, ಮಕ್ಕಳಿಲ್ಲದವಳು.

ಮಾರನೇ ದಿನವೇ ಹತ್ತು ತೆಂಗಿನಕಾಯಿ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರು, "ಯಜಮಾನ್ರೇ, ಊರ್ತುಂಬಾ ತೆಂಗಿರೋ ಹುಳಿಯಾರಿಗೆ ಕಾಯಿ ಹೊತ್ಕೊಂಡು ಹೋಗೋರ್ನ ಇವತ್ತೇ ಕಂಡಿದ್ದು" ಅಂದ. ಗಂಗಮ್ಮನ ಜಗುಲಿಯಲ್ಲಿ ನೋಡಿದರೆ ಅಂಥದೇ ಇನ್ನೊಂದು ಚೀಲ! ಬೀಗರು ಹಿಂದಿನ ದಿನವೇ ಬಂದು ಹೋಗಿದ್ದರು.

"ಮಾವ, ನಂದೊಂದೇ ಮಾತು" ಅಂದಳು ಗಂಗಮ್ಮ. "ವರ್ಷಕ್ಕೊಂದು ತಿಂಗಳು ಮಗು ನಮ್ಮನೇಲಿರಬೇಕು. ನಮ್ಮಪ್ಪಯ್ಯನ್ನ ಕೇಳಿದ್ರೆ ನೋಡಾಣ ಬುಡವ್ವ ಅಂತು."

ಬೀಗರೂ ಸಮಿತಿ ಮಾಡಿದ್ದಾರೆ! ನಾನು ಹಿಂದೆ ಮುಂದೆ ನೋಡಲಿಲ್ಲ. "ಒಂದ್ಯಾಕೆ ತಾಯಿ, ಎರಡು ತಿಂಗ್ಳು ಇಟ್ಕೋ" ಅಂದೆ. ಮಗು ಬೆಳೆಯಬೇಕಾದ್ದು ಬೀಗರ ಮನೆಯಲ್ಲಿ, ದಾನ ಮಾಡಿದವನು ನಾನು! ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವಾಪಸು ಬರುವಾಗ, ಇಷ್ಟು ಸುಲಭದ ಕೆಲಸ ತಿಳಿಯದ ಲಂಡನ್ನಿನವರನ್ನು ನೆನೆದು ಅಯ್ಯೋ ಅನ್ನಿಸಿತು.

ನಾಮಕರಣದ ದಿನ ಗಂಗಮ್ಮ ಮಗುವಿನ ಕಿವಿಗೆ ವೀಳ್ಯದೆಲೆ ಹಿಡಿದು ನಂಜಮ್ಮ, ನಂಜಮ್ಮ, ನಂಜಮ್ಮ ಅಂದಳು. ನನ್ನ ಎದೆ ನಮ್ಮೂರ ಕೆರೆಗಿಂತ ಅಗಲವಾಯಿತು. ಆಮೇಲೆ ಒಬ್ಬೊಬ್ಬರೇ ತೊಟ್ಟಿಲು ತೂಗಿ ಹೆಸರು ಹಿಡಿದು ಕರೆಯಬೇಕು. ಮೊದಲು ನನ್ನ ಹೆಂಡತಿ. ಅವಳು ಬಾಯಿಗೆ ಸೆರಗು ಹಿಡಿದಳು. "ಏನ್ರೀ ನೀವು? ಅತ್ತೆ ಹೆಸರು ನನ್ ಬಾಯಲ್ಲಿ ಬರಬೇಕಾ? ಮೂವತ್ತು ವರ್ಷ ಹಿಡೀದಿರೋ ಹೆಸರು!" ಮಗಳು, "ನಮ್ಮಜ್ಜಿ ಹೆಸರು ಹಿಡಿದು ನಾನು ಬಯ್ಯೋದಾದ್ರೂ ಹೆಂಗಪ್ಪ?" ಅಂದಳು. ನನ್ನ ಪಕ್ಷ ಕಣ್ಣೆದುರಿಗೇ ಕರಗಿತು. ಬೀಗರು ಮೀಸೆಯೊಳಗೇ ನಗುತ್ತಾ, "ಗೆದ್ದೋರು ನೀವು ಬೀಗ್ರೇ, ನೀವೇ ಕರೀರಿ" ಅಂದರು.

ಬಗ್ಗಿದೆ. ಬಾಯಿ ತೆರೆದೆ. ಬರಲಿಲ್ಲ. ಹೆತ್ತವಳ ಹೆಸರು ಹಿಡಿದು ಎಂದಾದರೂ ಕರೆದಿದ್ದೆನೇ? ಅಪ್ಪ ಜೀವಮಾನವೆಲ್ಲ "ಏ ಇವಳೇ" ಅಂದರು. ನಾವು ಅವ್ವ ಅಂದೆವು, ಸೊಸೆ ಅತ್ತೆಮ್ಮ ಅಂದಳು. ಆ ಹೆಸರು ಕೂಗುತ್ತಿದ್ದವನು ಪೋಸ್ಟಿನವನೊಬ್ಬನೇ. ಯಾವತ್ತೂ ಇಲ್ಲದ ಸದ್ದನ್ನು ಮತ್ತೆ ಕೇಳಬೇಕು ಅಂತ ನಾನು ಹುಳಿಯಾರಿನ ತನಕ ಹೋಗಿದ್ದೆ! ಕೊನೆಗೆ ಗಂಟಲಿನಿಂದ ತಾನಾಗಿ ಹೊರಟಿದ್ದು ಒಂದೇ ಮಾತು: "ಅವ್ವಾ." ಮಗು ಪಿಳಪಿಳ ಕಣ್ಣು ಬಿಟ್ಟಿತು. ಬೀಗರ ನಗು ನಿಂತುಹೋಯಿತು. "ನಾನೂ ಹಂಗೇ ಕರೀತಿದ್ದೆ ಕಣ್ರೀ" ಅಂದವರು ಪಕ್ಕಕ್ಕೆ ಬಂದು, ಅವರೂ ಹಾಗೇ ಕರೆದರು.

ಅತ್ತ ಲಂಡನ್ನಿನಲ್ಲಿ ಚಿಕ್ಕ ಪಕ್ಷ ಯಾರ ಜೊತೆಗೂ ಕೂಡಲಿಲ್ಲವಂತೆ. ಅರ್ಧಕ್ಕೆ ಕಮ್ಮಿ ಸೀಟಿನವರೇ ಸರ್ಕಾರ ನಡೆಸಿದರಂತೆ. ಪೂರ್ತಿ ಬಹುಮತ ಬಂದ ನನ್ನ ಕಾನೂನು ಮಾತ್ರ ನನ್ನ ಬಾಯಲ್ಲೇ ಪಾಸಾಗಲಿಲ್ಲ. ಮಗು ಈಗ ಕೆಂಕೆರೆಯಲ್ಲಿ ಒಂದನೇ ಕ್ಲಾಸು. ಅಲ್ಲಿಗೆ ಹೋದಾಗಲೆಲ್ಲ ಸ್ಕೂಲಿನ ಕಿಟಕಿ ಪಕ್ಕ ನಿಲ್ಲುತ್ತೇನೆ. ಅಲ್ಲಿ ಹಾಜರಿ ಕರೆಯುವಾಗ ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಮೊನ್ನೆ ಅವಳಿನ್ನೂ ಎದ್ದು ನಿಲ್ಲುವ ಮೊದಲೇ, ಕಿಟಕಿಯಾಚೆಯಿಂದ ನಾನೇ "ಬಂದವ್ಳೆ ಸಾ" ಅಂದುಬಿಟ್ಟೆ. ಇನ್ನು ಮೇಲೆ ಮಗುವಿನ ತಾತ ಹಾಜರಾಗುವುದು ಬೇಡ ಅಂತ ಆ ಸ್ಕೂಲಿನ ಮೇಷ್ಟ್ರು ಹೇಳಿ ಕಳಿಸಿದ್ದಾರೆ.